ಒಡಲಲ್ಲಿ ಉಳಿದ ನೀರು

ಟೀ ದಾರದಷ್ಟು ಸಣ್ಣಗಾಗಿ, ಆಮೇಲೆ ಹನಿಯಾಗಿ, ಆಮೇಲೆ ಅದೂ ಇಲ್ಲ, ಕೆಟಲಿನ ತುಂಬ ಟೀ ಇದೆ, ಹೆಂಡತಿ ಇಜ್ಜಾ ಈಗ ತಾನೇ ಒಲೆಯಿಂದ ಇಳಿಸಿ ತಂದಿದ್ದಾಳೆ, ಆದರೂ ಗ್ಲಾಸಿಗೆ ಬೀಳುತ್ತಿಲ್ಲ, ಟೀಗೆ ಹಾಕಿದ ಮಾಚಿಪತ್ರೆ ಎಲೆ ಮೂತಿಗೆ ಸಿಕ್ಕಿಕೊಂಡಿದೆ ಕಣ್ರೀ ಅನ್ನುತ್ತ ಅವಳು ಪೊರಕೆಯಿಂದ ಒಂದು ಕಡ್ಡಿ ಮುರಿದು ಮೂತಿಯೊಳಗೆ ಚುಚ್ಚಿದಳು, ಭರ್ರೆಂದು ಬಂತು ಟೀ, ಗ್ಲಾಸು ತುಂಬಿ ತಟ್ಟೆಗೆ ಚೆಲ್ಲಿತು — ಅಸ್ಸೂ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಕಡ್ಡಿ. ತಂತಿ. ಬರಲಿಲ್ಲ ಅಂದರೆ ಒಳಗೆ ಇಲ್ಲ ಅಂತಲ್ಲವಲ್ಲ, ದೇವರೇ, ಜೀಪಿನ ಎಂಜಿನ್ನಿಗೆ ಎರಡು ನಲ್ಲಿ, ಒಂದು ರೇಡಿಯೇಟರಿನ ಕೆಳಗೆ, ಇನ್ನೊಂದು ಎಂಜಿನ್ನಿನ ಒಡಲಿನ ಪಕ್ಕಕ್ಕೆ, ಹಿಮ ಬೀಳುವ ಮೊದಲು ಎರಡನ್ನೂ ತಿರುವಿ ನೀರು ಬಸಿದುಬಿಡಬೇಕು, ಬಸಿಯದಿದ್ದರೆ ಒಳಗೇ ಗಡ್ಡೆ ಕಟ್ಟಿ ಕಬ್ಬಿಣವನ್ನು ಸೀಳುತ್ತದೆ, ಇಷ್ಟನ್ನೂ ಮಗಳಿಗೆ ಹೇಳಿದ್ದ, ಕಿವಿ ತೂತಾಗುವಷ್ಟು ಸಲ ಹೇಳಿದ್ದ, ಆದರೆ ಈ ಊರ ಬುಗ್ಗೆಯ ನೀರಿಗೆ ಸುಣ್ಣ ಜಾಸ್ತಿ, ಒಡಲಿನ ನಲ್ಲಿಯ ಬಾಯಿ ಕಟ್ಟಿಕೊಂಡಿರುತ್ತದೆ, ತಂತಿ ಹಾಕಿ ಚುಚ್ಚಬೇಕು, ಇದನ್ನು ಹೇಳಿದೆನೇ, ಯಾವತ್ತು ಹೇಳಿದೆ — ಹೇಳಿಲ್ಲ. ಇಷ್ಟು ವರ್ಷ ಚುಚ್ಚಿದ್ದು ಕೈ, ನಾಲಿಗೆಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಆವತ್ತು ಮಗಳು ತೂದಾ ಜೀಪಿನ ಅಡಿಯಲ್ಲಿ ಮಲಗಿದ್ದಳು, ಚಪ್ಪಲಿ ಮಾತ್ರ ಹೊರಗೆ ಕಾಣುತ್ತಿತ್ತು, ಎರಡೂ ಬಿಟ್ಟೆಯೇನೇ, ಬಿಟ್ಟೆ ಅಪ್ಪ, ನೀರು ಬಂತಾ, ರೇಡಿಯೇಟರಿಂದು ಧಾರಾಳ ಬಂತು, ಇನ್ನೊಂದರಲ್ಲಿ ಏನೂ ಇರಲಿಲ್ಲ, ಅವನು ಹೂಂ ಅಂದಿದ್ದ, ಏನೂ ಇರಲಿಲ್ಲ ಅಂದದ್ದಕ್ಕೆ ಹೂಂ ಅಂದುಬಿಟ್ಟಿದ್ದ, ನಿನ್ನೆ ರಾತ್ರಿ ನೀರು ಹೆಪ್ಪುಗಟ್ಟಿ ಅಂಗಳದ ಕೊಡ ಸೀಳಿ ಎರಡು ಹೋಳಾಯಿತು. ಟೀ ಆರತ್ತೆ, ಎಲ್ಲಿಗೆ ಎದ್ರಿ ಅನ್ನುತ್ತಿದ್ದಾಳೆ ಇಜ್ಜಾ, ಒಲೆಯ ಪಕ್ಕ ಹಲಗೆಯ ಮೇಲೆ ಜೀಪಿನ ಬ್ಯಾಟರಿ ಕಂಬಳಿ ಹೊದ್ದು ಬೆಚ್ಚಗೆ ಕೂತಿದೆ, ಅದನ್ನು ಮನೆಯೊಳಗೆ ತಂದು ಮಲಗಿಸುವುದು ನೆನಪಿತ್ತು, ಅವನು ಉಣ್ಣೆಯ ನಿಲುವಂಗಿ ಎಳೆದುಕೊಂಡು ಹೊರಬಿದ್ದ.

ಹಿಮ ಮೊಣಕಾಲಿನವರೆಗೆ, ದಾರಿ ಕಾಣದಿದ್ದರೂ ಪಾದಕ್ಕೆ ಗೊತ್ತು, ಕೆಳಗೆ ರಸ್ತೆ ಮುಗಿಯುವಲ್ಲಿ ಕಲ್ಲಿನ ಕೊಟ್ಟಿಗೆ, ಅದರೊಳಗೆ ಊರ ಜನರನ್ನೂ ಸಾಮಾನನ್ನೂ ಸಂತೆಗೆ ಒಯ್ಯುವ ಜೀಪು, ಕಣ್ಣಿಗೆ ಪೊರೆ ಬಂದ ಮೇಲೆ ಹಿಮವೂ ಆಕಾಶವೂ ಅವನಿಗೆ ಒಂದೇ ಬಿಳಿ, ಎದುರಿಗೆ ಬರುವ ಹೇಸರಗತ್ತೆ ಎರಡಾಗಿ ಕಾಣತೊಡಗಿದ ದಿನವೇ ಸ್ಟೀರಿಂಗ್ ಬಿಟ್ಟ, ಬಿಟ್ಟು, ಮಗಳು ಓಡಿಸ್ತಾಳೆ ಅಂದ. ಹಿರಿಯರೆಲ್ಲ ಮಸೀದಿಯ ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು, ಅವರಲ್ಲೊಬ್ಬ ಬೂಜಮಾ ನಕ್ಕ, ನಮ್ಮ ಕುರಿ, ನಮ್ಮ ಹಿಟ್ಟು, ನಮ್ಮ ಬಸುರಿಯರನ್ನೆಲ್ಲ ಆ ಕಣಿವೆಯ ಅಂಚಲ್ಲಿ ನಿನ್ನ ಮಗಳ ಕೈಗೆ ಕೊಡೋದಾ, ಆಯ್ತಪ್ಪ, ಚಳಿಗಾಲ ಪೂರ್ತಿ ಜೀಪು ಅವಳೇ ನೋಡಿಕೊಳ್ಳಲಿ, ವಸಂತಕ್ಕೆ ಎದ್ದು ಓಡಿದರೆ ಅವಳೇ ಓಡಿಸಲಿ, ಏಳದಿದ್ದರೆ ಮದುವೆ ಮಾಡು. ಆವತ್ತಿನಿಂದ ಆ ಹುಡುಗಿ ಮನೆಯಲ್ಲಿ ನಿಂತದ್ದೇ ಕಡಿಮೆ, ಸ್ಪ್ರಿಂಗಿನ ಮುರಿದ ಪಟ್ಟಿ ಬಿಚ್ಚಿ ಬದಲಿಸಿದಳು, ಬ್ರೇಕು ಬಿಚ್ಚಿ ತೊಳೆದಳು, ಟೈರು ನೆಲ ಕಚ್ಚದಿರಲೆಂದು ದೇವದಾರು ದಿಮ್ಮಿಗಳ ಮೇಲೆ ಗಾಡಿ ಏರಿಸಿದಳು, ಇಲಿ ಹೊಗದಂತೆ ಸೈಲೆನ್ಸರಿಗೆ ಚಿಂದಿ ತುರುಕಿದಳು, ಗ್ರೀಸು ಮೆತ್ತಿದ ಕೈಯಲ್ಲೇ ರೊಟ್ಟಿ ತಟ್ಟಲು ಬಂದು ತಾಯಿಯಿಂದ ಬೈಸಿಕೊಂಡಳು, ಅಷ್ಟನ್ನೂ ಒಂದು ಚೂರು ತಂತಿ ಹಾಳುಮಾಡಿತು, ನಾನು ಹಾಳುಮಾಡಿದೆ. ಕಬ್ಬಿಣ ಬಿರಿದರೆ ಬೆಸುಗೆ ನಿಲ್ಲುವುದಿಲ್ಲ, ಅಂಥ ಎಂಜಿನ್ನು ಈಗ ಹುಡುಕಿದರೂ ಸಿಗುವುದಿಲ್ಲ, ಜೀಪು ಹೋದರೆ ಹೋಗಲಿ ಮುದಿಯಾಗಿತ್ತು, ಆದರೆ ಹೆಣ್ಣು ಕೈಹಾಕಿದಳು ಬಿರಿಯಿತು ಅನ್ನುತ್ತಾರೆ, ಅವಳು ಮುದುಕಿಯಾಗುವವರೆಗೂ ಅನ್ನುತ್ತಾರೆ. ಎಲ್ಲಿಗಪ್ಪಾ ಅಸ್ಸೂ ಇಷ್ಟು ಬೆಳಿಗ್ಗೆ, ಮಗಳು ಮಲಗಿಸಿದ್ದನ್ನ ತಟ್ಟಿ ಎಬ್ಬಿಸೋಕೆ ಹೊರಟ್ಯಾ — ಬೂಜಮಾ, ಬೇರೆ ಯಾರು, ಮನೆಯ ಮೇಲೆ ಹಿಮ ಗೋರುತ್ತಿದ್ದವನು ಸಲಿಕೆ ಕೆಳಗಿಟ್ಟು ಇಳಿದೇಬಿಟ್ಟ, ಸುಮ್ನೆ ಒಂದು ಸಲ ನೋಡಿ ಬರ್ತೀನಿ ನೀನಿರು ಅಂದರೆ ಕೇಳುವವನೇ, ನನಗೂ ಮೈ ಬಿಸಿಯಾಗತ್ತೆ ಬಾ ಅನ್ನುತ್ತ ಹಿಂದೆಯೇ ಬಂದ, ಹಿಂದೆ ಅವನ ಕೆಮ್ಮು, ಮುಂದೆ ಬಿಳಿ.

ಎಡಕ್ಕೆ ಸೀಳುಬಂಡೆ ಇರಬೇಕು, ಆನೆಯಷ್ಟು ದೊಡ್ಡ ಬಂಡೆ ಎರಡಾಗಿ ಬಿದ್ದಿದೆ, ಅವನು ಕುರಿ ಕಾಯುವ ಹುಡುಗನಾಗಿದ್ದಾಗ ಅದು ಒಂದೇ ಇತ್ತು, ಒಂದು ಚಳಿಗಾಲದ ಬೆಳಿಗ್ಗೆ ಟಪ್ ಎಂದು ಸದ್ದಾಯಿತು, ಬಂದೂಕಿನಂಥದ್ದೂ ಅಲ್ಲ, ತೊಡೆಯ ಮೇಲೆ ಸೌದೆ ಮುರಿದಷ್ಟು ಸದ್ದು, ಬೇಸಿಗೆಯಲ್ಲಿ ಹೋಗಿ ನೋಡಿದರೆ ನಡುವೆ ಕುರಿ ದಾಟುವಷ್ಟು ಜಾಗ. ಯಾರು ಸೀಳಿದ್ದು ಅಂತ ಅಜ್ಜನನ್ನು ಕೇಳಿದ್ದ, ನೀರು ಅಂದ ಅಜ್ಜ, ಯಾವ ನೀರು, ನೀನು ಕುಡಿಯುವ ನೀರೇ. ಆ ರಾತ್ರಿ ಅವನು ನೀರು ಕುಡಿಯದೇ ಮಲಗಿದ್ದ. ಇವತ್ತಿಗೂ ಅವನಿಗೆ ಅದು ತಲೆಗೆ ಹತ್ತಿಲ್ಲ, ಬೆರಳಿಟ್ಟರೆ ಜಾಗ ಬಿಡುವಂಥದ್ದು, ಹಸುಗೂಸಿನ ಬಾಯಿಗೆ ಹನಿಸುವಂಥದ್ದು, ಒಂದು ರಾತ್ರಿ ಸುಮ್ಮನೆ ಇದ್ದಲ್ಲೇ ಇದ್ದು ಬೆಟ್ಟವನ್ನು ಬಿಚ್ಚುತ್ತದೆ, ಇನ್ನು ಬಡಪಾಯಿ ಎಂಜಿನ್ನು ಯಾವ ಲೆಕ್ಕ, ಬಿರುಕು ಕೂದಲಿನಂತಿರುತ್ತದೆಯಂತೆ, ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ, ಉಗುರಿನಿಂದ ನೋಡಬೇಕು, ಬೂಜಮಾನ ಎದುರಿಗೆ ಹೇಗೆ ನೋಡಲಿ, ಕೊಟ್ಟಿಗೆಯ ಬಾಗಿಲು ತೆರೆದೇ ಇದೆ, ಹಿಮದಲ್ಲಿ ಹೆಜ್ಜೆ ಹೋಗಿವೆ, ಹೊರಗೆ ಬಂದಿಲ್ಲ.

ಅವಳು ಒಳಗಿದ್ದಳು. ಬಾನೆಟ್ ಎತ್ತಿದೆ, ತೂದಾ ತಲೆವಸ್ತ್ರ ಜಾರಿದ್ದರ ಪರಿವೆ ಇಲ್ಲದೆ ನಿಂತಿದ್ದಾಳೆ, ಅಂಗಳದ ಕೊಡ ಒಡೆದದ್ದು ನೋಡಿ ಓಡಿ ಬಂದೆ ಅಪ್ಪ, ನಲ್ಲಿ ತಿರುವಿದ್ದೆ, ಏನೂ ಬರಲಿಲ್ಲ, ಖಾಲಿ ಅಂದುಕೊಂಡೆ, ತಪ್ಪಾಯ್ತು ಅಂದಳು, ಬೂಜಮಾ ಕೇಳಿಸಿಕೊಳ್ಳಲಿ ಎಂದೇ ಅಸ್ಸೂ ಜೋರಾಗಿ ಹೇಳಿದ, ಅದಕ್ಕೆ ತಂತಿ ಚುಚ್ಚಬೇಕು, ನಾನು ನಿನಗೆ ಹೇಳಿಯೇ ಇಲ್ಲ, ನೀನು ಸುಮ್ಮನಿರು. ಇಲ್ನೋಡು ಅಪ್ಪ ಅಂದಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಎಂಜಿನ್ನಿನ ಪಕ್ಕೆಯಲ್ಲಿ ತಗಡಿನ ಗುಂಡು ಬಿಲ್ಲೆಗಳಿರುತ್ತವೆ, ಸಾಲಾಗಿ, ತುಕ್ಕು ಹಿಡಿದು, ಇಷ್ಟು ವರ್ಷ ಅವನ್ನು ಒರೆಸಿದ್ದಾನೆ, ಯಾತಕ್ಕಿವೆ ಎಂದು ಒಂದು ದಿನವೂ ಕೇಳಿಕೊಂಡಿಲ್ಲ, ಅದರಲ್ಲಿ ಒಂದು ಜಾಗದಲ್ಲಿಲ್ಲ, ಆ ತೂತಿನಿಂದ ಮಂಜುಗಡ್ಡೆ ಹೊರಬಂದಿದೆ, ಮಗುವಿನ ಮಣಿಕಟ್ಟಿನಷ್ಟು ದಪ್ಪ, ಗೇಣುದ್ದವಿಲ್ಲ, ನೆಟ್ಟಗೆ, ತುದಿಯಲ್ಲಿ ಆ ಬಿಲ್ಲೆ. ಎಲ್ಲ ಮಸುಕಾದ ಕಣ್ಣಿಗೆ ಅದೊಂದು ಕಂಡಿತು. ಉಗುರಿನಿಂದ ಒಡಲನ್ನೆಲ್ಲ ತಡವಿದ, ಮೇಲೆ, ಕೆಳಗೆ, ನಲ್ಲಿಯ ಸುತ್ತ, ಉಗುರು ಎಲ್ಲೂ ತೊಡರಲಿಲ್ಲ, ಸ್ಪ್ಯಾನರಿನಿಂದ ತಟ್ಟಿದ, ಠಣ್ ಅಂದಿತು, ಇನ್ನೊಮ್ಮೆ ತಟ್ಟಿದ, ಬಿರಿದ ಗಡಿಗೆಯ ಸದ್ದಲ್ಲ, ಗಟ್ಟಿ ಕಬ್ಬಿಣ, ಇಡಿಯಾದ ಕಬ್ಬಿಣ. ಬೆಟ್ಟ ಸೀಳಿದ ನೀರಿಗೆ ಇಲ್ಲಿ ಒಂದು ಕಿಂಡಿ ಸಿಕ್ಕಿತು, ಹೋಗು ಅಂದಿತು ಬಿಲ್ಲೆ, ತಾನು ಮೊದಲು ಹೊರಬಿದ್ದು ದಾರಿ ಬಿಟ್ಟಿತು. ಯಾರು ಇಟ್ಟದ್ದು ಈ ಕಿಂಡಿಯನ್ನ ಅಂತ ಬೂಜಮಾ, ಮಸೀದಿಯೊಳಗೆ ಮಾತಾಡುವ ದನಿಯಲ್ಲಿ, ಎಂಜಿನ್ನು ಮಾಡಿದವರು, ಮಾವ, ಅಂದಳು ತೂದಾ, ಅವರೂರಲ್ಲೂ ಹಿಮ ಬೀಳತ್ತಾ, ಬೀಳ್ತಿರಬೇಕು. ಇದಕ್ಕೇ ಇಟ್ಟರೋ, ಬೇರೆ ಯಾವುದಕ್ಕೋ ಇಟ್ಟರೋ, ಅಸ್ಸೂಗೆ ಏನು ಗೊತ್ತು, ಆದರೂ ಅವನಿಗೆ ಅನ್ನಿಸಿತು, ಹೆಸರೂ ಮುಖವೂ ಗೊತ್ತಿಲ್ಲದ ಯಾರೋ, ತಾನು ಹುಟ್ಟುವ ಮೊದಲೋ ಏನೋ, ಒಬ್ಬ ಮುದುಕ ಮರೆಯುತ್ತಾನೆ ಎಂದು ಕೂತು ಯೋಚಿಸಿದ್ದರು, ಒಬ್ಬ ಹುಡುಗಿಯ ಮೇಲೆ ಮಾತು ಬರಬಾರದೆಂದು.

ಇದು ಮತ್ತೆ ಕೂರತ್ತೇನಮ್ಮ, ಹೊಸ ಬಿಲ್ಲೆ ತಂದು ಬಡಿದರೆ ಕೂರತ್ತೆ ಮಾವ, ಯಾರು ಬಡೀತಾರೆ, ನಾನೇ, ಓಡತ್ತಾ, ಓಡತ್ತೆ. ಬೂಜಮಾ ಕೆಮ್ಮಿದ, ಗಡ್ಡ ಕೆರೆದುಕೊಂಡ, ಹಾಗಾದ್ರೆ ಮೊದಲ ಸಂತೆಗೆ ಮುಂದಿನ ಸೀಟು ನಂದು, ಹಿಂದೆ ಕುರಿ ಜೊತೆ ನಾನು ಕೂರಲ್ಲ, ಈಗಲೇ ಹೇಳಿದ್ದೀನಿ. ತೂದಾ ನಕ್ಕಳೋ ಅತ್ತಳೋ, ಮೂಗು ಒರೆಸಿಕೊಂಡ ಸದ್ದು. ಮನೆಯಲ್ಲಿ ಟೀ ಆರಿರುತ್ತದೆ, ಅಸ್ಸೂ ಬಗ್ಗಿದವನು ಬಗ್ಗಿಯೇ ಇದ್ದ, ತೆರೆದ ಬಾಗಿಲಿನಿಂದ ಬಿಸಿಲು ಬಂತು, ಗಡ್ಡೆಯ ಒಳಗೆ ಬಿಸಿಲು ಹೋಯಿತು, ತುದಿಯಲ್ಲಿ ಬಿಲ್ಲೆ, ಒಂದು ಹನಿ ಬಿಲ್ಲೆಯ ಅಂಚಿಗೆ ಬಂದು ನಿಂತಿತು, ಬೀಳಲಿಲ್ಲ, ಇನ್ನೂ ಬೀಳಲಿಲ್ಲ, ಬಿಲ್ಲೆ, ಅದರ ಅಂಚಿನಲ್ಲಿ ಆ ಹನಿ —