ಕಾಡವ್ವನ ಪದಗಳು ಎಲ್ಲಿ ಹೋದವು?

ನೀಲಾಳ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಇಳಿದುಹೋಗುತ್ತಿತ್ತು. ಫೋಟೋ ತೆಗೆಯಲು ಹೋದರೆ ಜಾಗ ಇಲ್ಲ ಎನ್ನುತ್ತಿತ್ತು. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಗಂಡ ಯಲ್ಲೇಶ ದಸರೆಯ ಆಫರ್ ನೋಡಿ ಅವಳನ್ನು ಬೆಳಗಾವಿಯ ಅಂಗಡಿಯೊಂದಕ್ಕೆ ಕರೆದೊಯ್ದ. ಹಳೆಯದನ್ನು ಕೊಟ್ಟರೆ ಹೊಸದು ಕಡಿಮೆ ಬೆಲೆಗೆ.

“ಅತ್ತಿ ಹಾಡಿದ ಪದಾ ಅದಾವರೀ ಇದರಾಗ,” ಎಂದು ನೀಲಾ ಫೋನು ಕೈಬಿಡದೆ ನಿಂತಳು.

“ಎಲ್ಲಾ ಕಂಪನ್ಯಾವರ ಕಡೆ ಜಮಾ ಆಗಿರತಾವ. ಹೊಸದರಾಗ ತಾನ ಬರತಾವ. ಕೊಡು ಇತ್ತಾಗ,” ಎಂದ ಯಲ್ಲೇಶ.

ಅಂಗಡಿಯವನು ಅವಳೆದುರೇ ಹಳೆಯ ಫೋನನ್ನು ಅಳಿಸಿ ಖಾಲಿ ಮಾಡಿದ.

ಅತ್ತೆ ಕಾಡವ್ವ ಇದ್ದದ್ದು ಖಾನಾಪುರದಲ್ಲಿ. ಬೀಸುವ ಪದ, ಕುರಿ ಕಾಯುವಾಗಿನ ಪದ, ತೊಟ್ಟಿಲ ಪದ, ಎಲ್ಲ ಬಾಯಲ್ಲೇ ಇದ್ದವು. ಹೋದಾಗಲೆಲ್ಲ ನೀಲಾ ಅವನ್ನು ಹಳೆಯ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಹೊಸ ಫೋನು ಬಂದ ಮೇಲೆ ಊರಿಗೆ ಹೋಗುವ ಮೊದಲೇ, ಆ ಚಳಿಗಾಲದಲ್ಲಿ, ಕಾಡವ್ವನಿಗೆ ಲಕ್ವಾ ಹೊಡೆದು ಬಾಯಿ ಕಟ್ಟಿತು. ಶಿವರಾತ್ರಿಗೆ ಮೊದಲೇ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ಮಾವ ಹಣಮಪ್ಪ ಕಟ್ಟೆಯ ಮೇಲೆ ಕುಳಿತು, “ನೀಲವ್ವಾ, ಆಕಿದೊಂದು ಪದಾ ಹಚ್ಚವಾ. ಮನಿ ಭಣಭಣ ಅನ್ನಾಕತ್ತೈತಿ,” ಎಂದ.

ಹೊಸ ಫೋನಿನಲ್ಲಿ ಒಂದು ಪದವೂ ಇರಲಿಲ್ಲ. ನೀಲಾ ಮತ್ತೆ ಮತ್ತೆ ಹುಡುಕಿದಳು. ಮುದುಕ ಮುಖ ಎತ್ತಿಕೊಂಡು ಕಾಯುತ್ತಲೇ ಇದ್ದ. “ಸಿಗವಲ್ಲವ್ರಿ ಮಾವಾರ,” ಎಂದವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು.

ಕೆಲವು ದಿನ ಕಳೆದು, ಫೋನು ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟಿರುವ ಗೆಳತಿ ಪ್ರಮಿಳಾ ಬೆಳಗಾವಿ ಪಕ್ಕದ ಮಚ್ಛೆಯಲ್ಲಿದ್ದ ನೀಲಾ-ಯಲ್ಲೇಶರ ಮನೆಗೆ ಬಂದಳು. ಫೋನು ನೋಡಿ ನಿಟ್ಟುಸಿರುಬಿಟ್ಟಳು.

“ಫೋಟೋ, ಧ್ವನಿ ಇಡಾಕ ಕಂಪನಿ ಕೊಡೂ ಪುಕ್ಕಟ ಜಾಗ ಎಂದೋ ತುಂಬೇತಿ, ನೀಲಾ. ಆಮ್ಯಾಲೆ ಅಲ್ಲಿಗೆ ಏನೂ ಹೋಗೇ ಇಲ್ಲ. ಪದಾ ಇದ್ದದ್ದು ಹಳೇ ಫೋನಿನ್ಯಾಗ ಅಷ್ಟ.”

“ತಿರಗಿ ತರಸಾಕ ಬರೂದಿಲ್ಲೇನ?”

“ಇಲ್ಲವಾ. ಖರೇ ಹೇಳಬೇಕಂದ್ರ ಆ ಫೋನ ಕೆಟ್ಟಿದ್ದೇ ಇಲ್ಲ. ಬ್ಯಾಟರಿ ಬದಲಿ ಮಾಡಿದ್ರ ಇನ್ನೂ ನಡೀತಿತ್ತು. ಹೊಸದು ಬೇಕಾಗಿದ್ದು ನಿಮಗಲ್ಲ, ಮಾರಾವರಿಗೆ.”

ನೀಲಾಳಿಗೆ ಏನೋ ನೆನಪಾಯಿತು. ಬಹಳ ಹಿಂದೆ ಒಮ್ಮೆ ಫೋನಿನಲ್ಲಿದ್ದದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ಹಾಕಿದ್ದಳು. ಅದನ್ನು ಹೇಳಿದಳು.

“ಅದು ಸತ್ತ ಯಾವ ಕಾಲ ಆತು,” ಎಂದ ಯಲ್ಲೇಶ. “ಗುಜರಿಗೆ ಹಾಕಬೇಕಂತ ಅಟ್ಟದ ಮ್ಯಾಲ ಒಗದೀನಿ.”

“ಗುಜರ್ಯಾಗ ತಾಮ್ರದ ಸಲುವಾಗಿ ವೈರ್ ಸುಡತಾರ, ಯಲ್ಲೇಶಣ್ಣ. ಆ ಹೊಗಿ ಯಾರದರೆ ಮಕ್ಕಳ ಎದಿಯಾಗ ಹೊಕ್ಕತೈತಿ. ಮದಲ ಬಿಚ್ಚಿ ನೋಡೂಣು, ಇಳಸರಿ.”

ಪ್ರಮಿಳಾ ಧೂಳು ತೆಗೆದು, ಸುಟ್ಟುಹೋಗಿದ್ದ ಒಂದು ಭಾಗ ಬದಲಿಸಿದಳು. ಕಂಪ್ಯೂಟರು ಎದ್ದಿತು. ಅದರಲ್ಲಿ ಸಿಕ್ಕಿದ್ದು ಒಂದೇ ಒಂದು ಪದ; ಆಗಿನ್ನೂ ನೀಲಾ ಹಿಡಿದಿಟ್ಟಿದ್ದು ಅಷ್ಟೇ.

ಆಮೇಲೆ ಪ್ರಮಿಳಾ ಅದೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ ಮನೆಯ ವೈಫೈಗೆ ಜೋಡಿಸಿದಳು. “ಇನ್ನ ನಿಮ್ಮ ಫೋಟೋ, ಧ್ವನಿ ಎಲ್ಲಾ ಫೋನಿನಿಂದ ತಾನ ಇದಕ್ಕ ಬರತಾವ. ನಿಮ್ಮದು ನಿಮ್ಮ ಮನ್ಯಾಗ ಇರತೈತಿ.”

“ಇದೂ ಕೆಟ್ಟರ?” ಎಂದ ಯಲ್ಲೇಶ.

“ಕೆಡತೈತಿ. ಅದಕ್ಕ ಇನ್ನೊಂದು ಪ್ರತಿ ಖಾನಾಪುರದಾಗ ಇಡ್ರಿ.”

ಆ ಭಾನುವಾರ ಯಲ್ಲೇಶ ತಾನೇ ಆ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ನೀಲಾಳೊಡನೆ ಊರಿಗೆ ಹೋದ. ಅಪ್ಪನ ಕಿವಿಯ ಹತ್ತಿರ ಫೋನು ಹಿಡಿದು ಪದ ಹಚ್ಚಿದ. ಕಾಡವ್ವ ಬೀಸುವ ಪದ ಎತ್ತಿಕೊಂಡಳು. ನಡುವೆ ಕೆಮ್ಮು ಬಂತು. “ಸಾಕ ಬಿಡ ನೀಲವ್ವಾ,” ಎಂದಿತು ಧ್ವನಿ, “ಉಳದದ್ದು ಮುಂದಿನ ಸಲ ಬಂದಾಗ ಹೇಳತೀನಿ.”

“ಉಳದದ್ದು ಆಕಿ ಸಂಗಾಟ ಹೋತು,” ಎಂದ ಹಣಮಪ್ಪ. ಯಲ್ಲೇಶ ಅಪ್ಪನ ಕಾಲ ಬಳಿ ಕುಳಿತ. “ತಪ್ಪಾತಪ್ಪಾ. ಇನ್ನ ಯಾವ ಸಾಮಾನೂ ರಿಪೇರಿಗೆ ತೋರಿಸದ ಮನಿ ಬಿಟ್ಟು ಹೊರಗ ಹೋಗೂದಿಲ್ಲ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಅಟ್ಟದಲ್ಲೂ ಒಂದು ಕಂಪ್ಯೂಟರು ಧೂಳು ತಿನ್ನುತ್ತಿರಬಹುದು. ಒಗೆಯುವ ಮೊದಲು ರಿಪೇರಿಯವರಿಗೆ ತೋರಿಸಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ನೀವೇ ಬಿಚ್ಚಬೇಡಿ. ಹಳೆಯ ಫೋನು ಕೊಡುವ ಮುನ್ನ ಅದರಲ್ಲಿದ್ದದ್ದು ನಿಮ್ಮ ಮನೆಗೆ ಬಂದಿದೆಯೇ ಎಂದು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ. ಅಂಗಡಿಯಲ್ಲಿ ಹೊಸ ಫೋನು ಎಂದಾದರೂ ಸಿಗುತ್ತದೆ. ಹೋದವರ ದನಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.