ಬಾಗಿಲ ಸೀನಿನ ಡೈಲಾಗು

ಬೆಟ್ಟ ಹತ್ತುವ ಮಿನಿಬಸ್ಸು ಒಂದೊಂದು ತಿರುವಿನಲ್ಲೂ ಹೊಟ್ಟೆಯಲ್ಲಿದ್ದದ್ದನ್ನು ಗಂಟಲಿಗೆ ತರುತ್ತಿತ್ತು. ಅತ್ತೆಗೆ ಏನೂ ಆಗಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಕಿಟಕಿ ಪಕ್ಕ ಗುಂಡುಕಲ್ಲಿನ ಹಾಗೆ ಕೂತು ಕೆಳಗಿನ ಪ್ರಪಾತವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಕೂತಿದ್ದವಳು ಸೊಸೆ.

“ಸಿನಿಮಾ ತೆಗೆದೋಳು ನೀನು, ಆಕ್ಟಿಂಗು ಮಾಡಿದೋಳು ನಾನು. ಹೆದರಬೇಕಾದೋಳು ನಾನು ಕಣೇ,” ಎಂದು ಅತ್ತೆ ಒಂದು ನಿಂಬೆಹಣ್ಣನ್ನು ಅವಳ ಮೂಗಿನ ಹತ್ತಿರ ಹಿಡಿದರು. “ಮೂಸು.”

ಸೊಸೆ ಮೂಸಿದಳು. ಹೊಟ್ಟೆ ತೊಳಸುತ್ತಿದ್ದದ್ದು ಬಸ್ಸಿನಿಂದಲೇ ಆಗಿದ್ದರೆ ನಿಂಬೆಹಣ್ಣು ಸಾಕಾಗುತ್ತಿತ್ತು. ಅವಳ ಮೊದಲ ಸಿನಿಮಾ ಮರುದಿನ ಮಧ್ಯಾಹ್ನ ಈ ಬೆಟ್ಟದೂರಿನ ಪುಟ್ಟ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಪರದೆ ಕಾಣಲಿತ್ತು. ಅದರಲ್ಲಿ ಬರುವ ಕಲ್ಲುಮನಸ್ಸಿನ ಅತ್ತೆ ಬೇರೆ ಯಾರೂ ಅಲ್ಲ, ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ಕೂತವರೇ. ಕಥೆ ತಮ್ಮದೇ ಎಂದು ಅತ್ತೆಗೆ ಗೊತ್ತಿದೆಯೋ ಇಲ್ಲವೋ ಎಂಬುದು ಮಾತ್ರ ಸೊಸೆಗೆ ಇವತ್ತಿನವರೆಗೂ ಗೊತ್ತಾಗಿರಲಿಲ್ಲ.

ಕಥೆ ಇಷ್ಟೇ. ಸೊಸೆಯ ಅಪ್ಪ ಪೇಟೆಯ ಮೂಲೆಯೊಂದರಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದವರು. ಅವಳ ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ, ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ, ಕಂಕುಳಲ್ಲಿ ಕೊಡೆ ಇರುಕಿಕೊಂಡ ಒಬ್ಬ ಮನುಷ್ಯ ಬೀದಿಯ ತುದಿಯಲ್ಲಿ ತಿರುಗಿ ಮರೆಯಾದದ್ದು ಕಂಡಿತು. ನಡಿಗೆ ಅಪ್ಪನದೇ. ದಡದಡನೆ ಇಳಿದು ಬಂದು, “ಯಾರಾದ್ರೂ ಬಂದಿದ್ರಾ ಅತ್ತೆ?” ಎಂದು ಕೇಳಿದಳು. “ಯಾರೂ ಇಲ್ಲವಲ್ಲ,” ಎಂದರು ಅತ್ತೆ. ನಡುಮನೆಯಲ್ಲಿ ನಾದಿನಿಯ ಮದುವೆ ಮಾತಿಗೆಂದು ಬಂದ ದೊಡ್ಡ ಮನೆತನದವರು ಕೂತಿದ್ದರು. ಅವರಿಗೆ ಕಾಫಿ ಕೊಡುವ ಗಡಿಬಿಡಿಯಲ್ಲಿ ಮಾತು ಅಲ್ಲಿಗೇ ನಿಂತಿತು. ಆ ವರ್ಷವೇ ಅಪ್ಪ ತೀರಿಕೊಂಡರು. ಸಾವಿನ ಮನೆಯಲ್ಲಿ ತಮ್ಮ ಹೇಳಿದ: “ನಿನ್ನ ನೋಡೋಕೆ ಅಂತ ಒಂದ್ಸಲ ನಿಮ್ಮನೆಗೆ ಬಂದಿದ್ರಲ್ಲಕ್ಕ. ನೀನು ಮನೇಲಿರ್ಲಿಲ್ಲವಂತೆ.”

ಅವಳು ಅತ್ತೆಯನ್ನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ಒಬ್ಬರು ಪಾತ್ರೆ ತೊಳೆದು ಇನ್ನೊಬ್ಬರು ಒರೆಸಿಟ್ಟರು. ಬಾಯಿಬಿಟ್ಟು ಕೇಳಿದರೆ ಆಗಿಹೋಗುತ್ತಿದ್ದ ಒಂದು ಮಾತಿಗಾಗಿ ಅವಳು ಕ್ಯಾಮೆರಾ ಕೊಂಡಳು ಎಂದರೆ ನೀವು ನಗಬಹುದು. ನಗಬೇಡಿ. ಕೆಲವರು ಜಗಳ ಆಡಿ ಹಗುರಾಗುತ್ತಾರೆ, ಇವಳಿಗೆ ಜಗಳ ಬರುತ್ತಿರಲಿಲ್ಲ.

ಕಂಡವರ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೂಡಿಟ್ಟ ದುಡ್ಡಿನಲ್ಲಿ, ತಮ್ಮದೇ ಮನೆಯಲ್ಲಿ, ರಜೆಯ ದಿನಗಳಲ್ಲಿ ಶೂಟಿಂಗು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ನೆಲ ಒರೆಸುವ ಕೋಲಿಗೆ ಮೈಕು ಕಟ್ಟಿ ಎತ್ತಿ ಹಿಡಿಯುತ್ತಿದ್ದ. ಕಥೆ ಯಾರದೆಂದು ಅವನಿಗೆ ಗೊತ್ತು. ಅತ್ತ ದರಿ, ಇತ್ತ ಪುಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅತ್ತೆಗೆ, “ಹಿಂದಿನ ಬೀದಿಯವರ ಕಥೆ” ಎಂದು ಹೇಳಿದ್ದಾಗಿತ್ತು. ಅತ್ತೆಯ ಪಾತ್ರಕ್ಕೆ ಒಪ್ಪಿದ್ದ ನಾಟಕದ ನಟಿ, ಧಾರಾವಾಹಿ ಸಿಕ್ಕಿತೆಂದು ಶೂಟಿಂಗಿನ ಹಿಂದಿನ ದಿನ ಕೈಕೊಟ್ಟಳು. ಸೊಸೆ ತಲೆಮೇಲೆ ಕೈಹೊತ್ತು ಕೂತಿದ್ದಾಗ, ಕಾಫಿ ತಂದ ಅತ್ತೆ, “ಅದೇನು ಮಹಾ ಬ್ರಹ್ಮವಿದ್ಯೆ? ನಾನೇ ಮಾಡ್ತೀನಿ ಬಿಡು,” ಎಂದುಬಿಟ್ಟರು.

ಮಾಡಿದರು, ಚೆನ್ನಾಗಿಯೇ ಮಾಡಿದರು. ಒಂದೇ ತೊಂದರೆ, ಬರೆದುಕೊಟ್ಟ ಡೈಲಾಗು ಹೇಳುತ್ತಿರಲಿಲ್ಲ. “ಹೀಗೆ ಯಾರು ಮಾತಾಡ್ತಾರೆ? ಪುಸ್ತಕ ಓದಿದ ಹಾಗಿದೆ,” ಎಂದು ಒಂದೊಂದನ್ನೂ ತಿದ್ದುತ್ತಿದ್ದರು. ಬಾಗಿಲ ಸೀನಿನ ದಿನವೂ ಹಾಗೇ ಆಯಿತು. ಅಪ್ಪನ ಪಾತ್ರ ಮಾಡಲು ಬಂದ ಗಡಿಯಾರ ರಿಪೇರಿಯವನು ಹೊಸ್ತಿಲ ಆಚೆ ಕೊಡೆ ಹಿಡಿದು ನಿಂತಿದ್ದ. ಅತ್ತೆ ಹೇಳಬೇಕಾಗಿದ್ದದ್ದು, “ಅವಳು ಮನೆಯಲ್ಲಿಲ್ಲ, ಹೋಗಿ.” ಆ ಹೊತ್ತಿನಲ್ಲಿ ತಾನು ತಾರಸಿಯ ಮೇಲಿದ್ದವಳಾದ್ದರಿಂದ ಬಾಗಿಲಲ್ಲಿ ನಿಜವಾಗಿ ಏನು ಮಾತಾಯಿತೆಂದು ಸೊಸೆಗೆ ಗೊತ್ತಿರಲಿಲ್ಲ. ಊಹಿಸಿ ಬರೆದಿದ್ದಳು.

“ಹೋಗಿ ಅಂತ ಯಾರಾದ್ರೂ ಅಂತಾರೇನೇ?” ಎಂದರು ಅತ್ತೆ. “ಸುಳ್ಳು ಹೇಳೋರು ಯಾವತ್ತೂ ಮೆತ್ತಗೆ ಮಾತಾಡ್ತಾರೆ.”

ಕ್ಯಾಮೆರಾ ಓಡತೊಡಗಿದಾಗ ಅವರು ಬಾಗಿಲನ್ನು ಅರ್ಧ ಎಳೆದುಕೊಂಡು, ಒಮ್ಮೆ ಒಳಗೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: “ಅಯ್ಯೋ, ಈಗ ತಾನೇ ಹೊರಗಡೆ ಹೋದ್ಲಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಪಾಪ. ನೀವು ಬಂದಿದ್ರಿ ಅಂತ ಹೇಳ್ತೀನಿ.”

ಮೈಕಿನ ಕೋಲು ಹಿಡಿದಿದ್ದ ಗಂಡ ಸೊಸೆಯ ಕಡೆ ನೋಡಿದ. ಇದು ಕಟ್ಟಿದ ಮಾತಲ್ಲ, ಎಂದೋ ಆಡಿದ ಮಾತು ಎಂದು ಅವಳಿಗೆ ಅನ್ನಿಸಿತು. ಅತ್ತೆ ಮಾತ್ರ ಪ್ರತಿ ಸಲದ ಹಾಗೆ “ಸರಿ ಬಂತಾ?” ಎಂದು ಕೇಳಿ, ಒಲೆಯ ಮೇಲಿದ್ದ ಹಾಲು ನೋಡಲು ಒಳಗೆ ಹೋದರು.

ಕಡೆಯ ಸೀನಿನಲ್ಲಿ ಅತ್ತೆ ಸಿನಿಮಾದ ಸೊಸೆಯ ಕೈಹಿಡಿದು “ನನ್ನನ್ನು ಕ್ಷಮಿಸು ಮಗಳೇ” ಎನ್ನಬೇಕಿತ್ತು. ಅತ್ತೆಯೇ ಪಾತ್ರಕ್ಕೆ ನಿಂತ ಮೇಲಂತೂ ಸೊಸೆ ಕಾದದ್ದೆಲ್ಲ ಆ ಒಂದು ಮಾತಿಗೆ. ಸುಳ್ಳುಸುಳ್ಳಾಗಿಯಾದರೂ ಸರಿ, ಆ ಬಾಯಲ್ಲಿ ಅದನ್ನು ಕೇಳಬೇಕಿತ್ತು. ಅತ್ತೆ ಪ್ರತಿ ಸಲವೂ ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. “ಮರೆತುಹೋಯ್ತು ಕಣೇ. ವಯಸ್ಸಾಯ್ತಲ್ಲ.” ಪುಟಗಟ್ಟಲೆ ಮಾತನ್ನು ತಿದ್ದಿ ಹೇಳಿದವರಿಗೆ ಅದೊಂದೇ ಮರೆಯಿತು. ಬೆಳಕು ಹೋಯಿತು. ಅತ್ತೆ ಸುಮ್ಮನೆ ಬಟ್ಟೆ ಮಡಚುತ್ತಾ ಕೂತಿರುವುದರಲ್ಲಿ ಸಿನಿಮಾ ಮುಗಿಯಿತು.

ಆಮೇಲೆ ಅತ್ತೆಗೆ ಸಿನಿಮಾ ತೋರಿಸದಿರಲು ಅವಳು ಹೇಳಿದ ನೆಪಗಳು ಒಂದೆರಡಲ್ಲ. ಕಂಪ್ಯೂಟರು ಕೆಟ್ಟಿದೆ, ಸೌಂಡು ಬಾಕಿ ಇದೆ, ಬಣ್ಣ ಸರಿಯಾಗಿಲ್ಲ. ಆದರೆ ಚಿತ್ರೋತ್ಸವದವರು ಮನೆಗೆ ಫೋನು ಮಾಡಿದಾಗ ಎತ್ತಿದವರೇ ಅತ್ತೆ. “ಮುಖ್ಯ ಕಲಾವಿದೆಯೂ ಬರಬೇಕು” ಎಂದು ಆ ಕಡೆಯಿಂದ ಹೇಳಿದ್ದೇ ತಡ, ಇವರು ಅಟ್ಟದಿಂದ ಸೂಟ್‌ಕೇಸು ಇಳಿಸಿದರು.

ಚಿತ್ರೋತ್ಸವ ನಡೆಸುತ್ತಿದ್ದವರು ನಿವೃತ್ತರಾದ ಭೂಗೋಳದ ಮೇಷ್ಟ್ರು. ಹಿಡಿದ ಮೈಕನ್ನು ಬಿಡುವ ಜಾಯಮಾನದವರಲ್ಲವಾದ್ದರಿಂದ ಊರೆಲ್ಲ ಅವರನ್ನು ಮೈಕ್ ಮೇಷ್ಟ್ರು ಎನ್ನುತ್ತಿತ್ತು. ಬೇಕರಿಯ ಮೇಲಿನ ಕೋಣೆಯಲ್ಲಿ ಅತಿಥಿಗಳನ್ನು ಇಳಿಸಿ, ಹೀಟರಿನ ಗುಂಡಿಯನ್ನು ಯಾವ ಕಡೆಗೆ ತಿರುಗಿಸಬಾರದು ಎಂದು ವಿವರಿಸಿ ಅವರು ಮೆಟ್ಟಿಲಿಳಿಯುವಾಗ ಸೊಸೆ ಹಿಂದೆಯೇ ಓಡಿದಳು.

“ಸಾರ್, ಇದು ನಮ್ಮನೆ ಕಥೆ ಅಂತ ಫೋನಲ್ಲಿ ನಿಮ್ಮ ಹತ್ರ ಹೇಳಿದ್ದೆ. ದಯವಿಟ್ಟು ಸ್ಟೇಜ್ ಮೇಲೆ ಅದೊಂದು ಹೇಳ್ಬೇಡಿ.”

“ಛೆ ಛೆ, ನನ್ನ ಹೊಟ್ಟೇಲೇ ಇರುತ್ತೆ,” ಎಂದರು ಮೇಷ್ಟ್ರು.

“ಆ ಹೊಟ್ಟೇಲಿ ಊಟ ಬಿಟ್ರೆ ಇನ್ನೇನೂ ನಿಂತದ್ದು ನಾನು ಕಾಣೆ,” ಎಂದಳು ಕೆಳಗೆ ಬ್ರೆಡ್ಡು ಜೋಡಿಸುತ್ತಿದ್ದ ಬೇಕರಿಯಾಕೆ.

ಮರುದಿನ ಸಿನಿಮಾ ತೋರಿಸಿದ್ದು ಊರಿನ ಆಟದ ಹಾಲಿನಲ್ಲಿ. ಪರದೆಯ ನೆತ್ತಿಯ ಮೇಲೆ ಬ್ಯಾಸ್ಕೆಟ್‌ಬಾಲಿನ ಬುಟ್ಟಿ ನೇತಾಡುತ್ತಿತ್ತು. ಪ್ರೊಜೆಕ್ಟರು ಕೂತದ್ದು ಟೇಬಲ್ ಟೆನಿಸ್ ಮೇಜಿನ ಮೇಲೆ. ಚಳಿಗೆ ಜನ ಮನೆಯಿಂದ ಕಂಬಳಿ, ದಿಂಬು ಹೊತ್ತು ತಂದಿದ್ದರು. ಸಿನಿಮಾ ಶುರುವಾದ ಮೇಲೆ ಸೊಸೆ ಪರದೆಯನ್ನು ನೋಡಲೇ ಇಲ್ಲ, ಅತ್ತೆಯ ಮುಖವನ್ನು ನೋಡುತ್ತಾ ಕೂತಳು.

“ನಾನಿಷ್ಟು ದಪ್ಪ ಇದ್ದೀನೇನೇ?” ಎಂದು ಅತ್ತೆ ಮೊದಲು ಕಿಸಕ್ಕೆಂದರು. ಆಮೇಲೆ ಮಾತು ಕಡಿಮೆಯಾಯಿತು. ಬಾಗಿಲ ಸೀನು ಬಂತು. ಪರದೆಯ ಮೇಲಿನ ಅತ್ತೆ “ಬಿಸಿಲಲ್ಲಿ ಬಂದಿದ್ದೀರಿ, ಪಾಪ” ಎಂದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು, “ಥೂ, ಎಂಥಾ ಹೆಂಗಸಪ್ಪ!” ಎಂದು ಜೋರಾಗಿಯೇ ಅಂದರು. ಅತ್ತೆಗೆ ಕೇಳಿಸಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡುವುದನ್ನು ಮುಂದುವರಿಸಿದರು. ಗಡಿಯಾರ ರಿಪೇರಿಯವನು ಒಂದೂ ಮಾತಾಡದೆ ತಿರುಗಿ, ಕಂಕುಳಲ್ಲಿ ಕೊಡೆ ಇರುಕಿಕೊಂಡು, ತಾರಸಿಯ ಮೇಲಿಂದ ಕಾಣುವ ಬೀದಿಯ ತುದಿಯಲ್ಲಿ ಮರೆಯಾದ.

ಮುಗಿದ ಮೇಲೆ ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ಸ್ಟೇಜಿನ ಮೇಲೆ ಅತ್ತೆ ಸೊಸೆಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇವತ್ತು ಇಬ್ಬರಿಗೂ ಒಂದೇ ಕಾಲ!” ಎಂದು ನಗಿಸಿದ ಮೈಕ್ ಮೇಷ್ಟ್ರು, ಆಶ್ಚರ್ಯವೆಂದರೆ, ಕೊಟ್ಟ ಮಾತು ಉಳಿಸಿಕೊಂಡರು. ಎದ್ದು ನಿಂತದ್ದು ಬೇಕರಿಯಾಕೆ.

“ಇದು ನಿಜವಾಗ್ಲೂ ಯಾರ ಮನೇಲಿ ನಡೆದದ್ದು?”

ಸೊಸೆ ತಿರುಗಿ ನೋಡಿದಳು. ಪಕ್ಕದಲ್ಲಿ ಅತ್ತೆ ಕೈಕಟ್ಟಿ ಕೂತಿದ್ದರು. ಇಷ್ಟು ಜನರ ಮುಂದೆ ಅವರನ್ನು ಬೀದಿಗೆ ತರುವುದು ಅವಳಿಂದ ಆಗದ ಕೆಲಸ.

“ಯಾರ ಮನೆಯದೂ ಅಲ್ಲ,” ಎಂದಳು ಮೆತ್ತಗೆ. “ಎಲ್ಲ ಕಲ್ಪನೆ.”

ಅತ್ತೆ ಕೈಚಾಚಿ ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡರು. ಆ ಊರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

“ಎಷ್ಟು ಮೆತ್ತಗೆ ಸುಳ್ಳು ಹೇಳ್ತಾಳೆ ನೋಡಿ. ನನ್ನಿಂದ್ಲೇ ಕಲಿತದ್ದು,” ಎಂದರು. “ಇದು ನಮ್ಮನೆ ಕಥೆ. ಆ ಹೆಂಗಸು ನಾನೇ. ಅವತ್ತು ಒಳಗೆ ದೊಡ್ಡೋರು ಕೂತಿದ್ರು. ಕೊಡೆ ರಿಪೇರಿಯವ್ರು ನಮ್ಮ ಬೀಗ್ರು ಅಂತ ಹೇಳೋಕೆ ನಾಚಿಕೆ ಆಯ್ತು. ಆ ಸಂಬಂಧಾನೂ ಕುದುರ್ಲಿಲ್ಲ, ಅದು ಬೇರೆ ಮಾತು.”

ಹಾಲಿನಲ್ಲಿ ಯಾರೋ ನಗಲು ಹೋಗಿ ತಡೆದುಕೊಂಡರು. ಮುಂದಿನ ಸಾಲಿನ ಅಜ್ಜಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡರು.

“ಮೊದಲ್ನೇ ದಿನ ಡೈಲಾಗು ಕೈಗೆ ಕೊಟ್ಟಾಗ್ಲೇ ನನಗೆ ಗೊತ್ತಾಯ್ತು. ಇವಳು ಕೇಳ್ಲಿ ಅಂತ ಕಾದೆ, ಕೇಳ್ಲಿಲ್ಲ. ನಾನಾಗೇ ಹೇಳೋಕೆ ಬಾಯಿ ಬರ್ಲಿಲ್ಲ. ಪಾತ್ರದಲ್ಲಾದ್ರೂ ಬರುತ್ತೇನೋ ಅಂದ್ಕೊಂಡೆ. ಬಾಗಿಲ ಮಾತು ಬಂತು, ಕೊನೇದು ಬರ್ಲಿಲ್ಲ.” ಅತ್ತೆ ಸೊಸೆಯ ಕಡೆ ತಿರುಗಿದರು. ಮೈಕು ತೊಡೆಯ ಮೇಲೆ ಜಾರಿತು. “ಆ ಸೀನಲ್ಲಿ ಒಂದು ತಪ್ಪಿದೆ ಕಣೇ. ನಿಮ್ಮಪ್ಪ ಏನೂ ಮಾತಾಡ್ದೆ ಹೋಗ್ತಾರಲ್ಲ, ಹಾಗೆ ಹೋಗ್ಲಿಲ್ಲ ಅವರು.”

“ಜೋರಾಗಿ ಹೇಳಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಸುಮ್ನಿರ್ರೀ, ಅದು ನಮಗಲ್ಲ,” ಎಂದು ಬೇಕರಿಯಾಕೆ ಗದರಿದಳು.

“ಏನಂದ್ರು ಅಪ್ಪ?” ಎಂದು ಸೊಸೆ ಕೇಳಿದಳು. ಅಷ್ಟು ವರ್ಷ ಕೇಳದೇ ಉಳಿದಿದ್ದ ಪ್ರಶ್ನೆ ಕೊನೆಗೆ ಇಷ್ಟು ಚಿಕ್ಕದಾಗಿ ಹೊರಬಂತು.

“ಹೊರಗೆ ಹೋಗಿದ್ದಾಳೆ ಅಂದೆನಲ್ಲ, ನಕ್ರು. ‘ಬರ್ತಾ ಬೀದಿಯಿಂದ್ಲೇ ನೋಡಿದೆ, ತಾರಸಿ ಮೇಲೆ ಬಟ್ಟೆ ಒಣಹಾಕ್ತಾ ಇದ್ಲು. ಏನೋ ಹಾಡು ಹೇಳ್ಕೊಳ್ತಾ ಇದ್ಲು. ಚೆನ್ನಾಗಿದ್ದಾಳೆ, ಅಷ್ಟು ಸಾಕು. ನಾನು ಬಂದಿದ್ದೆ ಅಂತ ಹೇಳ್ಬೇಡಿ ತಾಯಿ, ಸುಮ್ನೆ ನಿಮ್ಮಿಬ್ರಿಗೂ ಮನಸ್ತಾಪ ಆಗುತ್ತೆ’ ಅಂದ್ರು. ನನ್ನ ಸುಳ್ಳು ಗೊತ್ತಿದ್ದೂ ನನ್ನ ಮಾನ ಉಳಿಸಿ ಹೋದ್ರು. ನಾನು ಅವ್ರಿಗೆ ಒಂದು ಲೋಟ ನೀರೂ ಕೊಡ್ಲಿಲ್ಲ.”

ಮಗಳು ಸಿಗಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಹೋದ ಅಪ್ಪನನ್ನು ಅವಳು ಅಷ್ಟು ವರ್ಷ ಕಣ್ಣಲ್ಲಿಟ್ಟುಕೊಂಡಿದ್ದಳು. ಅವರು ಅವಳನ್ನು ನೋಡಿದ್ದರು. ಹಾಡನ್ನೂ ಕೇಳಿದ್ದರು. ಮನೆಗೆ ಹೋಗಿ, ಅವಳು ಸಿಗಲಿಲ್ಲ ಎಂದು ಅತ್ತೆಯ ಸುಳ್ಳನ್ನು ತಾವೇ ಹೇಳಿದ್ದರು. ಸೊಸೆಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

“ಅಪ್ಪ ನನ್ನನ್ನ ನೋಡಿದ್ರು ಅನ್ನೋ ಒಂದು ಮಾತು, ಅತ್ತೆ! ಅದೊಂದು ಹೇಳಿದ್ರೆ ಸಾಕಿತ್ತಲ್ಲ ನನಗೆ. ಇಷ್ಟು ವರ್ಷ ಹೇಗೆ ಇಟ್ಕೊಂಡ್ರಿ ಅದನ್ನ?”

ಅತ್ತೆ ತಮ್ಮ ಕೈಯನ್ನೇ ನೋಡಿಕೊಂಡರು.

“ನನ್ನನ್ನು ಕ್ಷಮಿಸು ಮಗಳೇ ಅಂತ ಬರೆದಿದ್ದೆ ನೀನು,” ಎಂದರು. “ಹಾಗೆ ಯಾರು ಮಾತಾಡ್ತಾರೆ?”

“ಮತ್ತೆ ಹೇಗೆ ಮಾತಾಡ್ತಾರೆ?” ಎಂದಳು ಸೊಸೆ ಮೂಗು ಒರೆಸಿಕೊಳ್ಳುತ್ತಾ.

ಅತ್ತೆ ಅವಳ ಕೈಯನ್ನು ಹಿಡಿಯಲು ಹೋದರು, ಹಿಡಿಯಲಿಲ್ಲ, ಅವಳ ಕುರ್ಚಿಯ ಅಂಚನ್ನು ಹಿಡಿದುಕೊಂಡರು.

“ತಪ್ಪಾಯ್ತು ಕಣೇ,” ಎಂದರು.

ಆಮೇಲೆ, ಏನು ಮಾಡಬೇಕೆಂದು ತಿಳಿಯದೆ, ಶೂಟಿಂಗಿನಲ್ಲಿ ಪ್ರತಿ ಸಲ ಕೇಳುತ್ತಿದ್ದ ಹಾಗೆ ಅವಳ ಮುಖ ನೋಡಿ ಕೇಳಿದರು: “ಸರಿ ಬಂತಾ?”

ಸೊಸೆ ಕುರ್ಚಿಯ ಅಂಚಿನಿಂದ ಆ ಕೈಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಬಂತು ಅತ್ತೆ,” ಎಂದಳು.