ಕುಪ್ಪಸ್ವಾಮಿಯವರಿಗೆ ನೆರಳು

ನಾದಸ್ವರದ ಜೊತೆಗೆ ತವಿಲು ಎಂಬ ಡೋಲು ಬಾರಿಸುವ ವಿದ್ವಾನ್ ಕುಪ್ಪಸ್ವಾಮಿಯವರು ಕಚೇರಿಗೆ ಒಪ್ಪಿಕೊಂಡದ್ದು ಒಂದೇ ಷರತ್ತಿನ ಮೇಲೆ: ತಲೆಯ ಮೇಲೆ ನೆರಳಿರಬೇಕು. ಎಪ್ಪತ್ತೊಂದರ ಜೀವ. ಹಿಂದಿನ ಬೇಸಿಗೆಯಲ್ಲಿ ಓಮಲೂರಿನ ಬಯಲು ಕಚೇರಿಯಲ್ಲಿ ಬಾರಿಸುತ್ತಿದ್ದಾಗಲೇ ಕಣ್ಣು ಕತ್ತಲಿಟ್ಟು ಕುಸಿದಿದ್ದರು. ಇನ್ನು ಬಿಸಿಲಲ್ಲಿ ಕೂತರೆ ತನ್ನನ್ನು ಕೇಳಬೇಡಿ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಸೇಲಂನ ಕನ್ನಡ ನೇಕಾರರ ಕಾಲೊನಿಯ ಸಂಗೀತ ಹಬ್ಬವೋ ಮೇ ತಿಂಗಳಲ್ಲಿ, ಬಟಾಬಯಲಲ್ಲಿ, ನಾಲ್ಕು ಗಂಟೆಗೆ ಶುರು. ಕತ್ತಲಾದ ಮೇಲೆ ಇಟ್ಟುಕೊಳ್ಳೋಣವೆಂದರೆ, ೧೯೯೬ರ ಆ ಬೇಸಿಗೆಯಲ್ಲಿ ಕರೆಂಟನ್ನು ನಂಬಿದವನು ಕೆಟ್ಟ. ನೆರಳಿಲ್ಲದಿದ್ದರೆ ವಾದ್ಯವನ್ನು ಚೀಲದಿಂದ ತೆಗೆಯುವುದೇ ಇಲ್ಲ ಎಂದು ಕುಪ್ಪಸ್ವಾಮಿಯವರು ಹೇಳಿ ಕಳಿಸಿದ್ದರು.

ಕಾಲೊನಿ ಸಂಘದ ಕಾರ್ಯದರ್ಶಿ ಮಣಿಕಂಠ ಧಾರಾಳವಾಗಿ ಮಾತು ಕೊಟ್ಟು ಬಂದಿದ್ದ. ಆದರೆ ಅದು ಮದುವೆಗಳ ಕಾಲ. ಚಪ್ಪರದವನು ತೆಂಗಿನ ಗರಿಯನ್ನೆಲ್ಲ ಮದುವೆ ಮನೆಗಳಿಗೆ ಸಾಗಿಸಿ ಶುಕ್ರವಾರ ಕೈ ಎತ್ತಿಬಿಟ್ಟ. ಕಚೇರಿ ಭಾನುವಾರ.

ಅವನ ಸೋದರತ್ತೆ ಸಿದ್ದಲಕ್ಷ್ಮಮ್ಮ ಜಗುಲಿಯ ಮೇಲೆ ನೂಲು ಸುತ್ತುತ್ತಾ ಕೂತಿದ್ದಳು. ಐವತ್ತು ವರ್ಷ ಮಗ್ಗದ ಜೊತೆ ಬಾಳಿದ ಹೆಂಗಸು. ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ.

"ನೆಯ್ಯೋರ ಬೀದೀಲಿ ನಿಂತ್ಕಂಡು ನೆರಳಿಗೆ ಅಳ್ತೀಯಲ್ಲಲೇ! ಮನೆಗೊಂದು ಪಂಚೆ ಕೇಳು, ಓಗು," ಎಂದಳು.

ಶನಿವಾರ ಸಂಜೆಯೊಳಗೆ ಎಪ್ಪತ್ತು ಪಂಚೆಗಳು ಸೇರಿ ಒಂದೇ ಬಟ್ಟೆಯಾಗಿದ್ದವು. ಹೆಂಗಸರು ಬೆರಳು ಚುಚ್ಚಿಕೊಂಡು ಹೊಲಿದರು, ಅತ್ತೆ ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿದಳು.

ಭಾನುವಾರ ಬೆಳಿಗ್ಗೆ ಗಂಡಸರು ಅದನ್ನು ಕಂಬಗಳಿಗೆ ಕಟ್ಟಿದರು. ಇಲ್ಲೇ ಎಡವಟ್ಟಾಯಿತು. ನೇಕಾರರು ಪಾವು ಮಾಡುವವರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಸವರುವ ಆ ಕೆಲಸದಲ್ಲಿ ಸಡಿಲ ಬಿಟ್ಟವನಿಗೆ ಮರ್ಯಾದೆಯಿಲ್ಲ. ಹುಟ್ಟಿನಿಂದ ಬಂದ ಕೈ, ಬಟ್ಟೆ ಕಂಡೊಡನೆ ಎಳೆದೇ ಎಳೆಯಿತು.

"ಜೋಲು ಬಿಡ್ರಲಾ, ಗಾಳಿ ಐತೆ," ಎಂದು ಅತ್ತೆ ಕೂಗಿದಳು.

"ಜೋಲು ಬಿಟ್ರೆ ಅಸಿಂಗಮಾ, ಅಸಯ್ಯವಾಗಿ ಕಾಣ್ತದೆ ಅತ್ತೆ, ಊರೋರು ನಗ್ತಾರೆ," ಎಂದ ಮಣಿಕಂಠ, ಇನ್ನೊಂದು ಸುತ್ತು ಬಿಗಿದ.

ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಗಾಳಿ ಎದ್ದಿತು. ಬಿಗಿದ ಬಟ್ಟೆ ಒಂದೇ ಏಟಿಗೆ ಎರಡು ಕಂಬ ಕಿತ್ತು, ನಡುವಿನ ಹೊಲಿಗೆಯುದ್ದಕ್ಕೂ ಪರ್ರನೆ ಹರಿಯಿತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯ ಮಣಿಕಂಠನೂ ಕಿತ್ತುಬಿದ್ದ ಕಂಬದ ಪಕ್ಕ ತಲೆಗೆ ಕೈ ಹೊತ್ತು ಕೂತ.

ಅತ್ತೆ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಸೂಜಿ ಹಿಡಿದು ಸುಡುವ ನೆಲದ ಮೇಲೆ ಕೂತಳು. ಹೊಲಿಯುತ್ತಲೇ ಕೇಳಿದಳು:

"ಪಾವಿನ ಗೂಟ ಕಿತ್ರೆ ನಾವೇನ್ಲಾ ಮಾಡ್ತೀವಿ?"

"ಕೈಯಾಗೆ ಹಿಡಿತೀವಿ."

"ಮತ್ತೆ? ಇದನ್ನೂ ಹಿಡೀರಿ. ಗಾಳಿ ಬಂದ್ರೆ ಸಡ್ಲ ಬಿಡಿ, ನಿಂತ್ರೆ ಎಳ್ಕಳಿ."

ಕಿತ್ತ ಕಂಬಗಳನ್ನು ಮತ್ತೆ ನೆಟ್ಟು, ಬಟ್ಟೆಯ ಅಂಚಿಗೆ ಕಟ್ಟಿದ ಇಪ್ಪತ್ತು ಹಗ್ಗಗಳನ್ನು ಕಂಬಗಳ ತಲೆಯ ಮೇಲಿಂದ ಇಳಿಸಿದ್ದಾಯಿತು. ತುದಿಗಳು ಇಪ್ಪತ್ತು ಜನರ ಕೈಗೆ. ಬಟ್ಟೆಯ ನೆರಳೆಲ್ಲ ಒಳಗೆ, ಹಗ್ಗ ಹಿಡಿದವರೆಲ್ಲ ಹೊರಗೆ ಬಿಸಿಲಲ್ಲಿ. ಮೊದಲ ಹಗ್ಗ ಹಿಡಿದವಳು ಅತ್ತೆಯೇ. ತಲೆಗೆ ಒದ್ದೆ ಟವೆಲು, ಕಾಲಿಗೆ ಯಾರದೋ ಗಂಡಸರ ಚಪ್ಪಲಿ. ಪಕ್ಕದ ಹಗ್ಗ ಹಿಡಿದ ಮಣಿಕಂಠ ಅವಳ ಕೈಯನ್ನೇ ನೋಡಿದ. ಗಾಳಿ ಬೀಸುವ ಮೊದಲೇ ಅದು ಸಡಿಲವಾಗುತ್ತಿತ್ತು. ಇಂಥ ಕೈಯ ಮಾತನ್ನು ಮೀರಿದೆನಲ್ಲ ಎಂದು ನಾಚಿಕೆಯಾಯಿತು, ಇವಳು ನಮ್ಮತ್ತೆ ಎಂದು ಹೆಮ್ಮೆಯೂ ಆಯಿತು.

ನಾಲ್ಕಕ್ಕೆ ಕುಪ್ಪಸ್ವಾಮಿಯವರು ಕೊಡೆ ಹಿಡಿದು ಬಂದರು. ಕತ್ತೆತ್ತಿ ನೋಡಿದರು. ಬಟ್ಟೆ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು. ಕೊಡೆ ಮಡಚಿ ಕೂತರು. ಆಮೇಲೆ ಅವರ ಕಣ್ಣು ಹಗ್ಗದ ಜಾಡು ಹಿಡಿದು ಹೊರಗೆ ಹೋಯಿತು, ಮುದುಕಿಯ ಮೇಲೆ ನಿಂತಿತು. ಎಲ್ಲಿ ಎದ್ದು ಹೋಗುತ್ತಾರೋ ಎಂದು ಮಣಿಕಂಠ ಹೆದರಿದ.

"ಅಮ್ಮಾ, ಉಳ್ಳೆ ವಾಂಗ," ಎಂದು ಒಳಗೆ ಕರೆದರು ವಿದ್ವಾನರು.

"ನಾನು ಒಳಕ್ಕೆ ಬಂದ್ರೆ ನೆರಳು ಹೊರಕ್ಕೆ ಓಗ್ತದೆ ಸ್ವಾಮಿ. ನೀವು ಬಾರ್ಸಿ."

ಮುಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡ ಮನುಷ್ಯರು ಕೂತಿದ್ದರು. ಕುಪ್ಪಸ್ವಾಮಿಯವರು ತಮ್ಮ ಜಮಖಾನವನ್ನು ತಾವೇ ತಿರುಗಿಸಿ, ಮುದುಕಿ ನಿಂತಿದ್ದ ಕಡೆಯ ಹಗ್ಗದವರಿಗೆ ಮುಖ ಮಾಡಿ ಕೂತು, ತವಿಲನ್ನು ಚೀಲದಿಂದ ತೆಗೆದರು. ನಾದಸ್ವರದವನೂ ಅತ್ತಲೇ ತಿರುಗಿದ.

ಅವರು ಬಾರಿಸಿದರು. ಆ ವಯಸ್ಸಿಗೆ ಆ ಕೈ! ಮಣಿಕಂಠನಿಗೆ ಮೈ ಜುಮ್ಮೆಂದಿತು, ಬಿಸಿಲು ಮರೆತುಹೋಯಿತು. ಮೊದಲ ಕೃತಿ ಮುಗಿದಾಗ ನೆರಳಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಗ್ಗದವರು ಸುಮ್ಮನೆ ನಿಂತಿದ್ದರು. ತಟ್ಟಲು ಅವರಿಗೆ ಕೈ ಬಿಡುವಿರಲಿಲ್ಲ.

ಕುಪ್ಪಸ್ವಾಮಿಯವರು ಕೋಲನ್ನು ಕೆಳಗಿಟ್ಟರು. ಬಾರಿಸಲೆಂದು ಬಲಗೈ ಬೆರಳುಗಳಿಗೆ ತೊಟ್ಟ ಗಟ್ಟಿ ಟೊಪ್ಪಿಗಳನ್ನು ಒಂದೊಂದಾಗಿ ಕಳಚಿ, ಎದ್ದು ನಿಂತು, ಹಗ್ಗ ಹಿಡಿದ ಆ ಇಪ್ಪತ್ತು ಜನರಿಗೆ ಚಪ್ಪಾಳೆ ತಟ್ಟಿದರು.

ಮಣಿಕಂಠನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಒಂದು ಕೈ ಎತ್ತಿದ.

"ಲೇ ಮಣಿ," ಎಂದಳು ಅತ್ತೆ, ಅವಳ ಕೆನ್ನೆಯೂ ಒದ್ದೆ, "ಆಮೇಲ್ ಅಳು. ಗಾಳಿ ಬತ್ತಾ ಐತೆ."